ಎರಡನೇ ಸಲ ಕೇಳದವರು

ಇಂಗ್ಲೆಂಡಿನ ಹಾರ್ಬೋರ್ನ್‌ನ ನಮ್ಮ ಕ್ಲಿನಿಕ್ ಹೊಸ ಕಟ್ಟಡಕ್ಕೆ ಹೋಗುವಾಗ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಬಂದವರು ಮೈಸೂರಿನವರು. ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ದಿನಾ ವಿಚಾರಿಸುವ, ಸಾಫ್ಟ್‌ವೇರ್‌ನವರ ಅಜೈಲ್ ಪದ್ಧತಿಯಲ್ಲೇ ಕುರ್ಚಿ, ಕಪಾಟುಗಳನ್ನೂ ಸಾಗಿಸಬಹುದೆಂದು ನಂಬಿದ್ದರು. ದಿನಾ ಬೆಳಿಗ್ಗೆ ನಮ್ಮನ್ನೆಲ್ಲ ಬೋರ್ಡಿನ ಮುಂದೆ ನಿಲ್ಲಿಸಿ, ಹಳದಿ ಚೀಟಿಗಳನ್ನು ಹೆಬ್ಬೆರಳಿನಿಂದ ಒತ್ತುತ್ತಾ, ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ನನ್ನ ಸರದಿಗೆ ಮಾತ್ರ ಕನ್ನಡ: "ಏನಾದ್ರೂ ಅಡ್ಡಿ ಇದೆಯಾ?"

ನಾನು ರಿಸೆಪ್ಷನ್‌ನವಳು. "ಏನಿಲ್ಲ ಸರ್," ಎನ್ನುತ್ತಿದ್ದೆ. ಅವರು ಪಕ್ಕದವರತ್ತ ತಿರುಗುತ್ತಿದ್ದರು.

ಅಡ್ಡಿ ಇತ್ತು. ರೋಗಿಗಳಿಗೆ ಹೋಗುವ ಪತ್ರದಲ್ಲಿ ಕ್ಲಿನಿಕ್‌ನ ಹಳೆಯ ವಿಳಾಸವೇ ಅಚ್ಚಾಗುತ್ತಿತ್ತು. ಬದಲಿಸಲು ನನಗೆ ಬರುತ್ತಿರಲಿಲ್ಲ. ಇನ್ನೊಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಒಮ್ಮೆ ಅವರ ಮನೆಗೆ ಹೋಗಿದ್ದಾಗ ನಾನು ಕಾಫಿ ಬೇಡವೆಂದರೆ, "ಅರ್ಧ ಲೋಟ ಆದ್ರೂ ಕುಡೀರಿ" ಎಂದು ಬಲವಂತ ಮಾಡಿದವರೇ ಅಲ್ಲವೇ? ಬೋರ್ಡಿನ ಮುಂದೆ ಮಾತ್ರ ಏಕೆ ಒಂದೇ ಸಲ?

ಹೊಸ ಕಟ್ಟಡದ ಮೊದಲ ದಿನ, ಊರುಗೋಲಿನ ಅಜ್ಜಿಯೊಬ್ಬರು ಬೀಗ ಹಾಕಿದ ಹಳೆಯ ಕಟ್ಟಡದ ಬಾಗಿಲೆದುರು ಒಂದು ಗಂಟೆ ನಿಂತಿದ್ದರು. ಮ್ಯಾನೇಜರ್ ತಮ್ಮ ಕಾರಿನಲ್ಲೇ ಆಕೆಯನ್ನು ಕರೆತಂದು, ಆಕೆಯ ಕೈಯಲ್ಲಿದ್ದ ಪತ್ರವನ್ನು ನನ್ನ ಮೇಜಿನ ಮೇಲಿಟ್ಟರು. ಬೈಯಲಿಲ್ಲ. ತಪ್ಪು ಯಾರದೆಂದು ನನಗೆ ಈಗಲೂ ತಿಳಿಯದು.

ಅಂದೇ ವಿಳಾಸ ಸರಿಯಾಯಿತು. ಮರುದಿನ ಮತ್ತೆ ಬೋರ್ಡಿನ ಮುಂದೆ ಕೇಳಿದರು: "ಏನಾದ್ರೂ ಅಡ್ಡಿ ಇದೆಯಾ?"

"ಏನಿಲ್ಲ ಸರ್."

ಅವರು ತಿರುಗಲಿಲ್ಲ. "ನಿಜವಾಗ್ಲೂ?"

ಅಂದು ನಿಜವಾಗಿಯೂ ಏನೂ ಇರಲಿಲ್ಲ. ಅವರು ಮಾತ್ರ ಖಾಲಿ ಚೀಟಿ ಹಿಡಿದು ಕಾಯುತ್ತಲೇ ನಿಂತರು. ಅವರಿಗೆ ಕೊಡಲೆಂದು ನಾನು ಒಂದು ಅಡ್ಡಿಯನ್ನು ಹುಡುಕತೊಡಗಿದೆ.