ಹಿರಿಯ ಮಗ ಮಾತು ಕೇಳದ ಎರಡು ತಿಂಗಳು

ಹಿರಿಯ ಮಗ ನನ್ನ ಮಾತು ಕೇಳದೆ ಹೋದದ್ದಕ್ಕೆ ನಾನು ಇಂದಿಗೂ ದೇವರಿಗೆ ಕೈಮುಗಿಯುತ್ತೇನೆ. ಯಾವ ತಾಯಿಯೂ ಹೀಗೆ ಹೇಳಲಿಕ್ಕಿಲ್ಲ. ಆದರೆ ಆಗ ಅವನು ನಾನು ಹೇಳಿದಂತೆ ಕೇಳಿದ್ದರೆ ಚಿಕ್ಕವನ ಗತಿ ಏನಾಗುತ್ತಿತ್ತೋ!

ಹಿರಿಯವನು ವರ್ಷ ತುಂಬುವುದರೊಳಗೆ ಚಟಪಟ ಮಾತು ಕಲಿತವನು. ಚಿಕ್ಕವನಿಗೆ ಮೂರು ವರ್ಷ ದಾಟಿದರೂ ಅವ್ವ, ನೀರು, ಬ್ಯಾಡ, ಮೂರೇ ಮಾತು. ಉಳಿದದ್ದಕ್ಕೆಲ್ಲ ಅಣ್ಣನದೇ ವಕೀಲಿ. ಇವನು ಬೆರಳು ತೋರಿಸಿದರೆ ಸಾಕು, "ಅವಂಗ ಬೆಲ್ಲ ಬೇಕಂತವ್ವಾ," ಎಂದು ಅವನು ಒದರುತ್ತಿದ್ದ. ಆ ಬೆಲ್ಲದಲ್ಲಿ ಅರ್ಧ ಪಾಲು ವಕೀಲರ ಬಾಯಿಗೆ ಹೋಗುತ್ತಿತ್ತು ಅನ್ನುವುದು ಬೇರೆ ಮಾತು.

ನಾವಿರುವುದು ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದೆ, ಒಂದೇ ಖೋಲಿಯ ಮನೆಯಲ್ಲಿ. ನಮ್ಮ ಮನೆಯವರು ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುತ್ತಾರೆ. ನಾನು ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತೇನೆ. ಚಿಕ್ಕವನನ್ನು ಬಾಲವಾಡಿಗೆ ಹಾಕಲು ಹೋದಾಗ ಅಲ್ಲಿನ ಟೀಚರು, "ಮನೆಯಲ್ಲೊಂದು ಭಾಷೆ, ಹೊರಗೊಂದು ಭಾಷೆ ಆಗಿ ಕೂಸಿಗೆ ಗೊಂದಲ. ಮನೆಯಲ್ಲೂ ಮರಾಠಿಯನ್ನೇ ಆಡಿರಿ, ಮಾತು ತಾನಾಗಿ ಬರುತ್ತದೆ," ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಮ್ಮ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಅವತ್ತೇ ಮನೆಯಲ್ಲಿ ಕನ್ನಡ ಬಂದ್ ಮಾಡಿದೆವು. ಹಿರಿಯವನಿಗೂ ತಾಕೀತು ಮಾಡಿದೆ: "ತಮ್ಮನ ಜೋಡಿ ಕನ್ನಡ ಮಾತಾಡಿದಿ ಅಂದ್ರ ಬೆನ್ನ ಮ್ಯಾಲ ಲಟ್ಟಣಿಗಿ ಮುರೀತದ ನೋಡು."

ನನ್ನ ಮರಾಠಿಯಾದರೂ ಎಂಥದು? ತರಕಾರಿ ಗಾಡಿಯವನ ಜೊತೆ ಚೌಕಾಶಿ ಮಾಡುವ, ನಳದ ಹತ್ತಿರ ಪಾಳಿಗಾಗಿ ಜಗಳ ತೆಗೆಯುವ ಮರಾಠಿ. ಕೂಸನ್ನು ಮುದ್ದಿಸುವ ಮರಾಠಿ ನನಗೆ ಯಾರು ಕಲಿಸಿದ್ದರು? ನಮ್ಮ ಮನೆಯವರದು ಇನ್ನೂ ಚೆಂದ. ಮಗನ ಮುಂದೆ ತಾಟು ಇಟ್ಟು, ಹಮಾಲರಿಗೆ ಚೀಲ ಎತ್ತಲು ಹೇಳುವ ಧಾಟಿಯಲ್ಲೇ "ಉಚಲ್, ಉಚಲ್" ಎನ್ನುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು. ಬರಬರುತ್ತ ಮನೆಯಲ್ಲಿ ಮಾತೇ ಕಡಿಮೆಯಾಯಿತು.

ಚಿಕ್ಕವನಂತೂ ಇದ್ದ ಮೂರು ಮಾತನ್ನೂ ಬಿಟ್ಟ. ನಾನು "ಇಕಡೆ ಯೇ" ಎಂದು ಹತ್ತಿರ ಕರೆದರೆ ಗೋಡೆಗೆ ಆತು ನಿಲ್ಲುತ್ತಿದ್ದ. ಎರಡು ತಿಂಗಳು ಅವನ ಬಾಯಿಂದ "ಅವ್ವ" ಅನ್ನುವುದನ್ನು ನಾನು ಕೇಳಲಿಲ್ಲ. ಕೂಸು ಮೂಕವೇ ಆಗಿಬಿಡುತ್ತದೇನೋ ಎಂದು ರೊಟ್ಟಿ ಬಡಿಯುತ್ತ ಅಳುತ್ತಿದ್ದೆ.

ಒಂದು ಮಧ್ಯಾಹ್ನ ಹಿಟ್ಟು ನಾದುತ್ತಿದ್ದಾಗ ಮಂಚದ ಕೆಳಗಿಂದ ಗುಸುಗುಸು ಕೇಳಿಸಿತು. ಹಿರಿಯವನು ಕನ್ನಡದಲ್ಲಿ ಏನೋ ಹೇಳುತ್ತಿದ್ದ. ಸಿಟ್ಟು ನೆತ್ತಿಗೇರಿತು. ರಟ್ಟೆ ಹಿಡಿದು ಹೊರಗೆಳೆದು ಎರಡು ಬಿಟ್ಟೆ. "ನಿನ್ನಿಂದನ ಅವಂಗ ಮಾತು ಬರವಲ್ದು!" ಎಂದು ಚೀರಿದೆ. ನಾನೂ ಕನ್ನಡದಲ್ಲೇ ಚೀರಿದ್ದೆ ಅನ್ನುವುದು ಹೊಳೆದದ್ದು ಆಮೇಲೆ.

ಒಂಬತ್ತು ವರ್ಷದ ಹುಡುಗ, ಅಳಲಿಲ್ಲ. "ಅವಂಗ ಮಾತು ಬರ್ತದವ್ವಾ. ದಿನಾ ನನ್ನ ಜೋಡಿ ಮಾತಾಡ್ತಾನ," ಎಂದ. "ಅವ್ವ ಅಪ್ಪ ಇಬ್ರೂ ತನ್ನ ಮ್ಯಾಲ ಯಾಕ ಸಿಟ್ಟಾಗ್ಯಾರ ಅಂತ ಕೇಳ್ತಾನ. ನೀ ಹೊರಗಿನ ಮಂದಿ ಜೋಡಿ ಜಗಳಾಡೂವಾಗಷ್ಟ ಮರಾಠಿ ಮಾತಾಡ್ತಿದ್ದಿ ಅಲಾ? ನಮಗ ಬೈದ್ರೂ ಕನ್ನಡದಾಗ ಬೈತಿದ್ದಿ."

ತಿಳಿದವರು ಅನ್ನಿಸಿಕೊಂಡ ನಾವಿಬ್ಬರೂ ಕೂಸಿನ ಬಾಯಿಗೆ ಬೀಗ ಹಾಕಿದ್ದೆವು. ಈ ಪೋರ ನನ್ನ ಹೊಡೆತಕ್ಕೆ ಹೆದರುತ್ತಲೇ ದಿನಾ ಮಂಚದ ಕೆಳಗೆ ತೂರಿ ತಮ್ಮನನ್ನು ಮಾತಾಡಿಸುತ್ತಿದ್ದ. ಏಟು ಬಿದ್ದ ಜಾಗ ಸವರಿದೆ. ಹೆತ್ತ ಮಗನ ಕಾಲು ಮುಟ್ಟಬೇಕು ಅನ್ನಿಸಿತು, ಸುಳ್ಳಲ್ಲ.

ಬಗ್ಗಿ ಮಂಚದ ಕೆಳಗೆ ನೋಡಿದೆ. ಚಿಕ್ಕವನು ಮೊಳಕಾಲು ತಬ್ಬಿಕೊಂಡು ನನ್ನನ್ನೇ ನೋಡುತ್ತಿದ್ದ. "ಬಾ ನನ್ನಪ್ಪಾ, ಬಾ ನನ ಬಂಗಾರ," ಎಂದೆ. ಅವನು ಅಣ್ಣನ ಮುಖ ನೋಡಿದ. ಅಣ್ಣ, ಹೋಗು ಎಂದು ತಲೆಯಾಡಿಸಿದ. ಚಿಕ್ಕವನು ತೆವಳಿ ಹೊರಬಂದು, ನನ್ನ ಹಿಟ್ಟಿನ ಕೈ ಹಿಡಿದು ಮೆಲ್ಲಗೆ ಕೇಳಿದ:

"ಸಿಟ್ಟು ಹೋತೇನವ್ವಾ?"