ಸಮುದ್ರ ಜ್ವರಕ್ಕೆ ಕೂತ ವರ್ಷ

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಸಮುದ್ರದ ಪಕ್ಕ ಬೆಳೆದವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು. ಪೂರ್ವ ಕರಾವಳಿಯ ಒಂದು ತೆಲುಗು ಊರಿನ ಕಾನ್ವೆಂಟಿನಲ್ಲಿ ಬೋರ್ಡಿಂಗ್‌ನಲ್ಲಿದ್ದು ಓದಿದವಳು. ಪಕ್ಕದ ಮನೆಯ ಆಪಾಗೆ ಹಿತ್ತಿಲ ಗೋಡೆಯ ಮೇಲಿಂದ ಅದೆಷ್ಟು ಸಲ ಹೇಳಿದ್ದೆನೋ: ಅಲ್ಲಿ ಬಯಲಿನಷ್ಟು ಮರಳು, ಕೂತರೆ ಸಾಕು, ಅಲೆಯೇ ಬಂದು ಪಾದ ತೊಳೆದು ಹೋಗುತ್ತದೆ, ಸಿಂಪ್ಲಿ ಹೆವನ್!

ಆಪಾ ರೇಷ್ಮೆ ನೂಲು ತೆಗೆಯುವ ಮನೆಯವರು. ಬೆಂದ ಗೂಡುಗಳ ಬಿಸಿನೀರಿನಲ್ಲಿ ಎಳೆ ಹುಡುಕಿ ಹುಡುಕಿ ಅವರ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು.

"ಟೀಚರಮ್ಮ, ಜಿಂದಗಿ ಎಲ್ಲಾ ಬಿಸಿನೀರಲ್ಲೇ ಬೆಂದೋಯ್ತು. ಒಂದ್ಸಲ ಆ ತಣ್ಣೀರಲ್ಲಿ ಕಾಲು ಚಾಚ್ಕೊಂಡು ಕೂತ್ಕೋಬೇಕು. ಆಮೇಲೆ ಅಲ್ಲಾ ಕರೀಲಿ, ಹೋಗ್ತೀನಿ," ಅನ್ನುತ್ತಿದ್ದರು.

ನಮ್ಮ ತಾಲ್ಲೂಕು ಇನ್ನೂ ಕೋಲಾರ ಜಿಲ್ಲೆಗೇ ಸೇರಿದ್ದ ಕಾಲ. ಒಂದು ಡಿಸೆಂಬರಿನಲ್ಲಿ ಅದೇ ಕರಾವಳಿಯ ಊರಿನಲ್ಲಿ ಆಪಾ ತಂಗಿಯ ಮಗಳ ಮದುವೆ. ಆಪಾ ಮಗ ಸುಮೋದಲ್ಲಿ ಹೊರಟ, ನಾನೂ ಹತ್ತಿದೆ. ಸ್ವಲ್ಪ ದಿನ ಹಿಂದಷ್ಟೇ ಆ ಕಡೆ ಚಂಡಮಾರುತ ಬಂದುಹೋಗಿತ್ತು. ಅದರಿಂದ ಶಿಡ್ಲಘಟ್ಟಕ್ಕೆ ದಕ್ಕಿದ್ದು ಜಡಿಮಳೆ, ಒಣಗದ ಬಟ್ಟೆ. ಅಲ್ಲಿ ಏನಾಗಿರಬಹುದೆಂದು ನಾನು ಯೋಚಿಸಲೇ ಇಲ್ಲ.

ಮದುವೆಯ ಮರುದಿನ ಬೀಚಿಗೆ ಹೋದೆವು. ಬೀಚೇ ಇರಲಿಲ್ಲ. ಸರ್ವೆ ತೋಪಿನ ಅಂಚನ್ನು ಸಮುದ್ರ ಕತ್ತಿಯಿಂದ ಕೊಯ್ದ ಹಾಗೆ ಕೊಯ್ದಿತ್ತು. ಆಳೆತ್ತರದ ಮರಳ ಗೋಡೆ, ಅದರಿಂದ ಜೋತುಬಿದ್ದ ಬೇರು, ಕೆಳಗೆ ಬರೀ ಕಲ್ಲು, ಕಲ್ಲಿಗೆ ಬಡಿಯುವ ಕಂದು ನೀರು. ಮಂಡಿನೋವಿನ ಆಪಾ ಇಳಿಯುವ ಮಾತಂತಿರಲಿ, ಅಂಚಿನ ಹತ್ತಿರಕ್ಕೂ ಮಗ ಬಿಡಲಿಲ್ಲ.

"ಇದೇನಾ ಟೀಚರಮ್ಮ ನಿಮ್ಮ ಹೆವನ್ನು? ನಮ್ಮೂರ ಕೆರೆ ಕೋಡಿನೇ ವಾಸಿ," ಅಂದರು ಆಪಾ. ನಕ್ಕರು, ಆದರೆ ಮುಖ ಇಳಿದಿತ್ತು.

"ಸಮುದ್ರ ತಿಂದಾಕ್ಬಿಟ್ಟಿದೆ ಆಂಟಿ, ಮುಗೀತು," ಅಂದ ಮಗ. "ಗೌರಿಬಿದನೂರು ಹೊಳೇಲಿ ಮರಳು ಹೋಯ್ತಲ್ಲ, ವಾಪಸ್ ಬಂತಾ?"

"ಅದನ್ನ ಹೊತ್ಕೊಂಡು ಹೋಗಿದ್ದು ಲಾರಿ ಕಣಪ್ಪ. ಲಾರಿ ಯಾವತ್ತಾದ್ರೂ ವಾಪಸ್ ತಂದು ಸುರಿಯುತ್ತಾ? ಅಲೆ ಸುರಿಯುತ್ತೆ," ಅಂದೆ ನಾನು.

ಅವನು ನಕ್ಕ. ನನಗೆ ರೇಗಿತು. ದೂರದಲ್ಲಿ, ದಡ ಮುಟ್ಟುವ ಎಷ್ಟೋ ಮೊದಲೇ, ಅಲೆಗಳು ಮುರಿದು ಒಂದು ಬಿಳಿ ಗೆರೆಯಾಗುತ್ತಿದ್ದವು. ನಮ್ಮ ಜಿಯಾಗ್ರಫಿ ಸಿಸ್ಟರ್ ಕ್ರಿಸ್‌ಮಸ್ ರಜೆಗೆ ಮುಂಚೆ ಒಂದು ಸಲ, ಈಸ್ಟರ್ ಕಳೆದ ಮೇಲೆ ಒಂದು ಸಲ ನಮ್ಮನ್ನು ಇದೇ ತೋಪಿಗೆ ಕರೆತಂದು ಆ ಗೆರೆ ಮೂಡಿದ್ದನ್ನೂ ಅಳಿಸಿಹೋದದ್ದನ್ನೂ ತೋರಿಸುತ್ತಿದ್ದರು.

"ನೋಡಿ ಆಪಾ, ಅಲೆ ಅಲ್ಲೇ ಯಾಕೆ ಮುರೀತಿದೆ? ಅಡೀಲಿ ಮರಳು ಗುಡ್ಡೆ ಬಿದ್ದಿದೆ. ಸ್ಯಾಂಡ್ ಬಾರ್. ಬಿರುಗಾಳಿ ಅಲೆ ದಡದ ಮರಳನ್ನ ಎಳ್ಕೊಂಡು ಹೋಗಿ ಅಲ್ಲಿಟ್ಟಿದೆ, ತಿಂದಿಲ್ಲ. ಆ ಗುಡ್ಡೆನೇ ಈಗ ದೊಡ್ಡಲೆ ತಡೀತಿದೆ. ಗಾಳಿ ಇಳಿದ ಮೇಲೆ ಸಣ್ಣ ಅಲೆಗಳು ಚೂರುಚೂರೇ ದಡಕ್ಕೆ ತಳ್ಕೊಂಡು ಬರ್ತವೆ."

ಆಪಾ ಹುಡುಗಿಯಾಗಿದ್ದಾಗ ತವರಿನಲ್ಲಿ ಹುಳು ಮೇಯಿಸಿದವರು. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿ, ಸತ್ತಂತೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಮುಟ್ಟದೆ ಬಿಟ್ಟರೆ ಎದ್ದು ಮೊದಲಿಗಿಂತ ಜೋರಾಗಿ ಮೇಯುತ್ತದೆ.

"ಓ, ಜ್ವರಕ್ಕೆ ಕೂತಿದೆ ಅನ್ನಿ! ಯಾವಾಗ ಏಳುತ್ತೆ?"

"ಬೇಸಿಗೆಗೆ."

"ಹಂಗಾದ್ರೆ ಬೇಸಿಗೆಗೆ ಬರಣ."

"ಯಾರು ಕರ್ಕೊಂಡು ಬರ್ತಾರೆ ಅಮ್ಮಿ? ನನ್ನ ಕೈಲಾಗಲ್ಲ," ಅಂದ ಮಗ. ಸುನಾಮಿಯಾದ ಮೇಲೆ ಸಮುದ್ರ ಅಂದರೆ ಜನ ಬೆಚ್ಚುತ್ತಿದ್ದ ವರ್ಷಗಳು ಬೇರೆ. ಊರಿಗೆ ಬಂದರೆ ನನ್ನ ಸೊಸೆಯದೂ ಅದೇ ರಾಗ: "ಹೋದದ್ದು ಹೋಯ್ತು ಬಿಡಿ ಅತ್ತೆ, ಈ ವಯಸ್ಸಲ್ಲಿ ಬೀಚಂತೆ!"

ಹೋದದ್ದು ಹೋಯ್ತು. ಯಜಮಾನರು ತೀರಿಕೊಂಡಾಗಿನಿಂದ ಆ ಮಾತು ಕೇಳುತ್ತಲೇ ಇದ್ದೇನೆ. ಹಲ್ಲಿಗೂ ಅದೇ, ಕಣ್ಣಿಗೂ ಅದೇ, ನಿಂತುಹೋದ ಹಾಡಿನ ಕ್ಲಾಸಿಗೂ ಅದೇ. ನಾನ್‌ಸೆನ್ಸ್. ಹೋದದ್ದರಲ್ಲಿ ಯಾವುದು ಹೋಯಿತು, ಯಾವುದು ಸ್ವಲ್ಪ ದೂರದಲ್ಲಿ ನೀರಿನಡಿ ಕೂತಿದೆ ಎಂದು ಇವರು ಹೋಗಿ ನೋಡಿದ್ದಾರೆಯೇ?

ಆದರೂ ನನ್ನೊಳಗೆ ಅಳುಕಿತ್ತು. ಎಲ್ಲ ಮರಳೂ ಬರುವುದಿಲ್ಲ, ತೀರಾ ಆಳಕ್ಕೆ ಇಳಿದದ್ದು ಅಲ್ಲೇ ಉಳಿಯುತ್ತದೆ ಎಂದೂ ಸಿಸ್ಟರ್ ಹೇಳಿದ್ದರು. ಅದನ್ನು ನಾನು ಆಪಾಗೆ ಹೇಳಲಿಲ್ಲ.

ಯುಗಾದಿ ಕಳೆಯಿತು. ಮುರುಗಮಲ್ಲದ ದರ್ಗಾಕ್ಕೆ ಹೋಗುತ್ತೇವೆಂದು ಎರಡೂ ಮನೆಯಲ್ಲಿ ಹೇಳಿ ಹೊರಟೆವು. ಅಲ್ಲಿ ರಾತ್ರಿ ಉಳಿಯುವವರು ಬಹಳ, ಹಾಗಾಗಿ ಯಾರೂ ಏನೂ ಕೇಳಲಿಲ್ಲ. ಸುಳ್ಳಾಗಬಾರದೆಂದು ಆಪಾ ಹಟ ಹಿಡಿದದ್ದರಿಂದ ಚಿಂತಾಮಣಿಯಲ್ಲಿ ಬಸ್ಸು ಬದಲಿಸಿ ಮುರುಗಮಲ್ಲಕ್ಕೇ ಹೋಗಿ, ಸಕ್ಕರೆ ಓದಿಸಿ, ಆಮೇಲೆ ಆಂಧ್ರದ ಬಸ್ಸು ಹಿಡಿದೆವು. ರಾತ್ರಿ ಆಪಾ ತಂಗಿಯ ಮನೆ. ಬೆಳಗಾಗುತ್ತಲೇ ಆಟೋ ಹತ್ತಿ ಸರ್ವೆ ತೋಪು.

ಮರಳು ಬಂದಿತ್ತು.

ನನ್ನ ಬಾಲ್ಯದಷ್ಟು ಇರಲಿಲ್ಲ, ಸುಳ್ಳು ಯಾಕೆ. ದಿಬ್ಬ ಎದ್ದಿರಲಿಲ್ಲ, ಅದರ ಮೇಲೆ ಹಬ್ಬುತ್ತಿದ್ದ ನೇರಳೆ ಹೂವಿನ ಬಳ್ಳಿಯೂ ಇಲ್ಲ, ಸರ್ವೆ ಬೇರು ಇನ್ನೂ ಗಾಳಿಯಲ್ಲೇ ನೇತಾಡುತ್ತಿತ್ತು. ಆದರೆ ಆ ಗೋಡೆಯ ಬುಡಕ್ಕೆ ಮರಳು ಒತ್ತಿಕೊಂಡು ಬಂದು ಇಳಿಜಾರಾಗಿತ್ತು, ಕಲ್ಲುಗಳೆಲ್ಲ ಮುಚ್ಚಿದ್ದವು, ದೂರದ ಬಿಳಿ ಗೆರೆ ಮಾಯ. "ಐ ಟೋಲ್ಡ್ ಯೂ!" ಎಂದು ಕೂಗಿದೆ.

"ಕಿರುಚ್ಬೇಡಿ ಟೀಚರಮ್ಮ, ಮತ್ತೆ ಜ್ವರಕ್ಕೆ ಕೂತುಬಿಟ್ಟೀತು."

ನನ್ನ ಭುಜ ಹಿಡಿದು ಇಳಿದರು, ನೀರಿನಂಚಿನಲ್ಲಿ ಧೊಪ್ಪನೆ ಕೂತರು, ಕಾಲು ಚಾಚಿದರು. ಅಲೆ ಬಂದು ಸೊಂಟದವರೆಗೆ ನೆನೆಸಿತು. ಕೈ ಎರಡನ್ನೂ ಒದ್ದೆ ಮರಳಲ್ಲಿ ಹೂತರು.

ನನ್ನ ಚೀಲದಲ್ಲಿ ಮೊಬೈಲ್ ಬಡಿದುಕೊಂಡಿತು. ಅವರ ಮಗ. ಮುರುಗಮಲ್ಲದಿಂದ ಅಮ್ಮಿ ಯಾವ ಬಸ್ಸಿಗೆ ಬರ್ತಾರೆ ಆಂಟಿ, ಅಂದ. ಆಪಾ ಒದ್ದೆ ಕೈಯಲ್ಲೇ ಫೋನು ಕಿತ್ತುಕೊಂಡು, "ನೈ ಆತಿ, ಜಾ!" ಎಂದು ಗದರಿದರು. ಬರಲ್ಲ, ಹೋಗೋ ಅಂತ. ಆಮೇಲೆ ಫೋನನ್ನು ಬರುತ್ತಿದ್ದ ಅಲೆಯ ಕಡೆಗೆ ಚಾಚಿ ಹಿಡಿದು, ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಕೂಗಿದರು:

"ಕೇಳಿಸ್ತಾ? ಎದ್ದಿದೆ!"