ತಲಕಾಡಿನ ಮರಳಲ್ಲಿ ಅತ್ತೆಯ ಕರಡಿಗೆ

ತಲಕಾಡಿಗೆ ತಿನ್ನಲೆಂದೇ ಹೋಗುವ ಯೋಚನೆ ನನಗೆ ಬಂದದ್ದು ನಂಜನಗೂಡಿನ ಹಲ್ಲಿನ ಡಾಕ್ಟರ ಬೆಂಚಿನ ಮೇಲೆ. ಅಲ್ಲಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಯಾವುದೋ ದೇಶದ ದ್ವೀಪದ ಊರಿನ ವಿಷಯವಿತ್ತು. ರಜೆಗೆ ಹೋದವರು ಕೈಯಲ್ಲೊಂದು ನಕ್ಷೆ ಹಿಡಿದು, ಗೈಡಿನ ಹಂಗಿಲ್ಲದೆ, ಹಳೆಯ ಬೀದಿಗಳಲ್ಲಿ ನಡೆಯುತ್ತ ಒಂದೊಂದು ಅಂಗಡಿಯಲ್ಲಿ ಒಂದೊಂದು ತಿನ್ನುತ್ತಾರಂತೆ. ನಮಗೂ ಮೂರು ಕಡೆ ಕಾವೇರಿ ಬಳಸಿದ ತಲಕಾಡು ಇದೆಯಲ್ಲ, ನಡುವೆ ಮರಳಿನ ನಡುಗಡ್ಡೆಯೂ ಇದೆಯಲ್ಲ ಅನಿಸಿತು. ತೊಂಬತ್ತರ ದಶಕದ ಕೊನೆಯ ವರ್ಷಗಳು. ನೋಟುಬುಕ್ಕಿನ ಹಾಳೆ ಹರಿದು ಪಟ್ಟಿ ಬರೆದೆ: ನರಸೀಪುರದ ಬಸ್‌ಸ್ಟ್ಯಾಂಡ್ ಹೋಟೆಲಿನ ಇಡ್ಲಿ, ತಲಕಾಡಿನ ಸೌತೆಕಾಯಿ, ಬೇಯಿಸಿದ ಕಡಲೆಕಾಯಿ, ಚುರುಮುರಿ, ಕೊನೆಗೆ ನಡುಗಡ್ಡೆಯಲ್ಲಿ ನಮ್ಮದೇ ಬುತ್ತಿ. ಪಕ್ಕದಲ್ಲಿ ಗಂಟೆಗಳನ್ನೂ ಬರೆದೆ. ಕಾನ್ವೆಂಟಿನಲ್ಲಿ ಓದಿದವಳ ಚಾಳಿ.

ಗಂಟೆ ಬರೆಯಲು ಇನ್ನೊಂದು ಕಾರಣವೂ ಇತ್ತು. ಜೊತೆಗೆ ಬರುತ್ತಿದ್ದವರು ನಮ್ಮತ್ತೆ. ಅವರಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಅವರ ತೋಳಿಗೆ ಇನ್ಸುಲಿನ್ ಚುಚ್ಚುತ್ತಿದ್ದವಳು ನಾನೇ. ಚುಚ್ಚಿದ ಮೇಲೆ ಊಟದ ಹೊತ್ತು ತಪ್ಪಬಾರದು, ತಪ್ಪಿದರೆ ಸಕ್ಕರೆ ಇಳಿದು ಜೀವಕ್ಕೇ ಕುತ್ತು ಬರುತ್ತದೆ ಎಂದು ಡಾಕ್ಟರು ನನಗೆ ಎರಡೆರಡು ಸಲ ಹೇಳಿದ್ದರು.

ಅತ್ತೆ ಸಂಭ್ರಮದಲ್ಲಿದ್ದರು. ಇಡ್ಲಿ ತಿಂದು, "ನಮ್ಮನೇದೇ ವಾಸಿ ಕಣವ್ವ" ಎಂದರು. ಸೌತೆಕಾಯಿಗೆ ಖಾರ ಕಮ್ಮಿ ಎಂದರು. ಕಡಲೆಕಾಯಿಯವಳ ಹತ್ತಿರ ಕೂತು ಅವಳ ಮಗಳ ಬಾಣಂತನದ ಕಥೆಯನ್ನೆಲ್ಲ ಕೇಳಿದರು. ಪ್ರತಿ ಸಲ ಬಾಯಿಗೆ ಏನಾದರೂ ಹಾಕುವ ಮುಂಚೆ ಬಲಗೈಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು. ಅಲ್ಲಿ, ರವಿಕೆಯ ಒಳಗೆ, ಶಿವದಾರದಲ್ಲಿ ಅವರ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇರುತ್ತಿತ್ತು. ಎಂಟು ವರ್ಷದ ಹುಡುಗಿಯಾಗಿದ್ದಾಗ ಗುರುಗಳು ಕಟ್ಟಿದ ಲಿಂಗ. ಅದು ಮೈಮೇಲಿಲ್ಲದೆ ಅವರು ಗುಟುಕು ನೀರೂ ಕುಡಿದವರಲ್ಲ.

ಒಂದೊಂದೇ ಹಿಡಿ ಚುರುಮುರಿ ತಿಂದು, ನೀಲಗಿರಿ ಮರಗಳ ನಡುವಿನ ಮರಳು ಹಾದಿಯಲ್ಲಿ ಇಳಿದು, ಹರಿಗೋಲು ಹತ್ತಿ ನಡುಗಡ್ಡೆಗೆ ಬಂದಾಗ ಹನ್ನೆರಡೂವರೆ. ಪಟ್ಟಿಯಲ್ಲೂ ಹನ್ನೆರಡೂವರೆ ಎಂದೇ ಇತ್ತು. ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಹುಚ್ಚೆಳ್ಳಿನ ಚಟ್ನಿ ಹಾಕಿ ಕೊಟ್ಟೆ. ಅತ್ತೆ ಕೈಯನ್ನು ಎದೆಗೆ ಒಯ್ದರು. ಕೈ ಅಲ್ಲೇ ನಿಂತಿತು. ಮತ್ತೆ ತಡಕಿತು. ಸೆರಗಿನ ಒಳಗೆ, ಬೆನ್ನ ಮೇಲೆ, ಸೊಂಟದ ನೆರಿಗೆಯಲ್ಲಿ. ಕೊನೆಗೆ ಕುತ್ತಿಗೆಯಿಂದ ಹೊರಬಂದದ್ದು ತುಂಡಾದ ದಾರ ಮಾತ್ರ.

ರೊಟ್ಟಿಯನ್ನು ಅವರು ಎಲೆಯ ಮೇಲೆ ಮೆಲ್ಲಗೆ ಇಟ್ಟರು.

ಎರಡು ದಿನದ ಹಿಂದೆ ಅವರ ತಲೆಗೆ ಎಣ್ಣೆ ಹಚ್ಚುವಾಗ ಆ ದಾರ ಒಂದು ಕಡೆ ನೂಲಿನಷ್ಟು ಸವೆದಿದ್ದನ್ನು ನಾನು ಕಂಡಿದ್ದೆ. ಹೇಳಿರಲಿಲ್ಲ. ಹೇಳಿದರೆ, ಎಲ್ಲಿ ನಿನ್ನದು ತೋರಿಸು, ಎರಡಕ್ಕೂ ಹೊಸ ದಾರ ತರಿಸೋಣ ಎನ್ನುತ್ತಾರೆ. ಸದಾ ಸೆರಗು ಹೊದೆಯುತ್ತಿದ್ದ ನನ್ನ ಕುತ್ತಿಗೆಯಲ್ಲಿ ದಾರವೇ ಇರಲಿಲ್ಲ. ಹಾಸ್ಟೆಲಿನಲ್ಲಿ ಹುಡುಗಿಯರು ಇದೇನು ಎಂದು ಕೇಳಿ ನಕ್ಕಾಗ ಬಿಚ್ಚಿ ಟ್ರಂಕಿನಲ್ಲಿಟ್ಟ ನನ್ನ ಲಿಂಗ, ಮದುವೆಯಾಗಿ ಏಳು ವರ್ಷವಾದರೂ ಬೀರುವಿನಲ್ಲಿ ಸೀರೆಗಳ ಹಿಂದೆ ಕರವಸ್ತ್ರದಲ್ಲಿ ಸುತ್ತಿಕೊಂಡೇ ಇತ್ತು. ಬೆಳಿಗ್ಗೆ ಬಾಗಿಲು ಮುಚ್ಚಿಕೊಂಡು ಐದು ನಿಮಿಷ ಸುಮ್ಮನೆ ಕೂತು ಹೊರಗೆ ಬರುತ್ತಿದ್ದೆ. ಅತ್ತೆ ಅದನ್ನು ಪೂಜೆ ಎಂದುಕೊಂಡಿದ್ದರು. ನಾನೂ ಹಾಗೆಯೇ ಬಿಟ್ಟಿದ್ದೆ.

ಚುರುಮುರಿ ತಿನ್ನುವಾಗ ಮುಟ್ಟಿದ್ದರು, ಹಾಗಾದರೆ ಕಳೆದದ್ದು ಅಲ್ಲಿಂದ ಇಲ್ಲಿಗೆ ಬರುವಾಗಲೇ. ನಾನು ನಡುಗಡ್ಡೆಯ ಮರಳನ್ನು ಬೆರಳಲ್ಲಿ ಜಾಲಾಡಿದೆ. ಹರಿಗೋಲಿನವನು ತಳಕ್ಕೆ ಹಾಸಿದ್ದ ಗೋಣಿಚೀಲ ಕೊಡವಿ ತೋರಿಸಿದ. "ನೀರ್ಗೆ ಬಿದ್ದಿದ್ರೆ ಒಳೆ ಪಾಲು ಕನವ್ವ, ಇನ್ ಸಿಕ್ಕಾಕಿಲ್ಲ" ಎಂದ. ದಡಕ್ಕೆ ಇಳಿದು, ಬಂದ ದಾರಿಯಲ್ಲೇ ವಾಪಸು ಹೊರಟೆವು. ಮರಳಿನಲ್ಲಿ ನಮ್ಮದೇ ಹೆಜ್ಜೆಗಳ ಮೇಲೆ ಆಗಲೇ ನೂರು ಹೆಜ್ಜೆಗಳು ಬಿದ್ದಿದ್ದವು. ನೀಲಗಿರಿಯ ಒಣ ಎಲೆಗಳೆಲ್ಲ ಬಿಸಿಲಿಗೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು, ಹೊಳೆದ ಕಡೆಯೆಲ್ಲ ನಾನು ಬಗ್ಗಿದೆ.

ಬಗ್ಗಿ ಎದ್ದಾಗಲೆಲ್ಲ ಅತ್ತೆಯ ಮುಖ ನೋಡುತ್ತಿದ್ದೆ. ಒಂದೂಕಾಲಿಗೆ ಮೇಲ್ದುಟಿಯ ಮೇಲೆ ಬೆವರಿನ ಹನಿಗಳು ಸಾಲುಗಟ್ಟಿದ್ದವು. ಒಂದೂವರೆಗೆ ಸೆರಗು ಹಿಡಿದ ಬೆರಳು ನಡುಗತೊಡಗಿತ್ತು. ಚೀಲದಿಂದ ಗ್ಲೂಕೋಸ್ ಪೊಟ್ಟಣ ತೆಗೆದೆ.

"ಬ್ಯಾಡ."

"ಇದು ಊಟ ಅಲ್ಲ ಅತ್ತೆ, ಔಷಧಿ."

"ನಾಲಿಗೆ ಮ್ಯಾಲೆ ಇಟ್ರೆ ಎಲ್ಲಾ ಒಂದೇಯ. ಲಿಂಗ ಕಳ್ದೋದ್ಮೇಲೆ ಉಂಡ್ಕೊಂಡು ಕೂತಿದ್ಲು ಅನ್ನಿಸ್ಕೊಳ್ಳಾಕೆ ನಾನು ಬದುಕ್ಬೇಕಾ?"

ಅವರು ಕೂಗಲಿಲ್ಲ. ಸೊಪ್ಪಿನವಳಿಗೆ ನಾಳೆ ಬಾ ಎನ್ನುವ ದನಿಯಲ್ಲೇ ಹೇಳಿದರು. ನನಗೆ ನಿಜವಾಗಿ ಭಯವಾದದ್ದು ಆಗ.

ಚುರುಮುರಿ ಗಾಡಿಯವನು ಮಂಡಿಯೂರಿ ಗಾಡಿಯ ಕೆಳಗೆಲ್ಲ ನೋಡಿದ. ಸಿಗಲಿಲ್ಲ. ಅತ್ತೆಯ ಮಾತು ತೊದಲುತ್ತಿದ್ದುದನ್ನು ಕೇಳಿ, ಹಿಂದಿನ ಬೀದಿಯಲ್ಲಿ ಅಯ್ಯನೋರ ಮನೆ ಇದೆ, ಅಲ್ಲಿಗೆ ಹೋಗಿ ಎಂದ. ಲಿಂಗ ಕಟ್ಟುವ ಜಂಗಮರ ಮನೆ. ಅತ್ತೆಯ ತೋಳನ್ನು ನನ್ನ ಹೆಗಲ ಮೇಲೆ ಹಾಕಿಕೊಂಡು ನಡೆದೆ. ಸಣ್ಣ ಮೈಯ ಅತ್ತೆ ಅಷ್ಟು ಭಾರವೆಂದು ನನಗೆ ಗೊತ್ತಿರಲಿಲ್ಲ.

ಅಯ್ಯನವರು ಗೃಹಪ್ರವೇಶಕ್ಕೆಂದು ನರಸೀಪುರಕ್ಕೆ ಹೋಗಿದ್ದರು, ಬರುವುದು ಸಂಜೆಗೆ. ಅವರ ಹೆಂಡತಿ ಅಕ್ಕಿ ಆರಿಸುತ್ತಿದ್ದವರು ಮೊರವನ್ನು ಸರಿಸಿ ಜಗಲಿಯಲ್ಲಿ ಜಾಗ ಮಾಡಿದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಒಳಗೆ ಹೋಗಿ ಬೆಲ್ಲ ಕರಗಿಸಿದ ನೀರಿನ ಲೋಟ ತಂದರು. ಅತ್ತೆ ಮುಖ ತಿರುಗಿಸಿದರು.

"ಲಿಂಗ ಕಳ್ದೋಯ್ತು ಅಂದ್ರೆ ಶಿವ ಕಳ್ದೋದ್ನಾ?" ಎಂದರು ಆಕೆ. ಅತ್ತೆ ಜಗ್ಗಲಿಲ್ಲ. ಆಕೆ ನನ್ನ ಕಡೆ ತಿರುಗಿದರು. "ನೀನು ಸೊಸೆ ಅಲ್ವಾ? ಒಂದೇ ಗುರುಮನೆ. ನಿನ್ ಲಿಂಗ ತೆಗ್ದು ಇವ್ರ ಅಂಗೈ ಮೇಲಿಡವ್ವ. ಕಣ್ಗೊತ್ಕೊಂಡು ಪಾನಕ ಕುಡೀಲಿ. ಹೊಸದ ನಮ್ಮನೇರು ಬಂದು ಕಟ್ತಾರೆ."

ಅತ್ತೆ ಕಣ್ಣು ತೆರೆದರು. "ಇವಳ್ದಾದ್ರೆ ಆಯ್ತದೆ" ಎಂದು ಎಡಗೈ ಚಾಚಿದರು. ಅಂಗೈಯ ಗೆರೆಗಳಲ್ಲಿ ಮರಳಿನ ಕಣಗಳಿದ್ದವು.

ಏನೋ ಒಂದು ಸುಳ್ಳು ಹೇಳಿಬಿಡಲೇ ಎಂದು ಒಂದು ಕ್ಷಣ ಯೋಚಿಸಿದೆ. ನನ್ನದೂ ಕಳೆದಿದೆ ಎನ್ನಲೇ? ಬಾಯಿಗೆ ಬಂದದ್ದು ಬೇರೆ.

"ನನ್ನ ಹತ್ರ ಇಲ್ಲ ಅತ್ತೆ. ಬೀರುವಿನಲ್ಲಿದೆ."

"ಇವತ್ತು ಮರೆತ್ಯಾ?"

"ಇಲ್ಲ. ಮದುವೆಯಾಗಿ ಬಂದಾಗಿನಿಂದ ಹಾಕ್ಕೊಂಡಿಲ್ಲ."

ಅತ್ತೆ ನನ್ನನ್ನು ನೋಡುತ್ತಲೇ ಇದ್ದರು. ಅವರು ಲೆಕ್ಕ ಹಾಕುತ್ತಿದ್ದುದು ನನ್ನ ಪಾಪವನ್ನಲ್ಲ. "ಏಳು ವರ್ಸ" ಎಂದರು, "ನಿನ್ ಕೈಲಿ ಉಂಡಿದೀನಲ್ಲೇ." ಬೀದಿಯ ತಿಂಡಿ ಬೇರೆ, ಅನ್ನ ಬೇರೆ; ಲಿಂಗವಿಲ್ಲದವರು ಬೇಯಿಸಿದ ಅನ್ನವನ್ನು ಅವರು ನೆಂಟರ ಮನೆಯಲ್ಲೂ ಮುಟ್ಟುತ್ತಿರಲಿಲ್ಲ.

ಅವರ ಕತ್ತು ಗೋಡೆಗೆ ವಾಲಿತು. ಅಯ್ಯನವರ ಹೆಂಡತಿ ಸೆರಗಿನೊಳಗೆ ಕೈ ಹಾಕಿ, ತಮ್ಮ ಕರಡಿಗೆಯನ್ನು ಬಿಚ್ಚಿ, ಕಪ್ಪಗೆ ಮಿನುಗುವ ಲಿಂಗವನ್ನು ಅತ್ತೆಯ ಅಂಗೈಯಲ್ಲಿಟ್ಟು ಮೇಲಿಂದ ತಮ್ಮ ಕೈ ಮುಚ್ಚಿದರು. "ಇದ್ರ ಪಾಪ ಪುಣ್ಯ ನಂಗಿರ್ಲಿ. ಕುಡೀರಿ" ಎಂದರು. ನಾನು ಲೋಟಕ್ಕೆ ಕೈ ಹಾಕಿದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ತಲೆ ಅಲ್ಲಾಡಿಸಿದರು. ನಾನು ಕೈ ಹಿಂದೆಗೆದೆ. ಆಕೆಯೇ ಕುಡಿಸಿದರು. ಮೊದಲ ಗುಟುಕು ತುಟಿಯ ಅಂಚಿನಿಂದ ಇಳಿದುಹೋಯಿತು. ಎರಡನೆಯದು ಗಂಟಲಿನಲ್ಲಿ ಇಳಿದದ್ದನ್ನು ನಾನು ಕಂಬದ ಹತ್ತಿರ ನಿಂತು ನೋಡಿದೆ.

ಸಂಜೆ ಅಯ್ಯನವರು ಬಂದು ಹೊಸ ಲಿಂಗ ಕಟ್ಟಿದರು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮನೆಯಲ್ಲಿ, ಕರಡಿಗೆ ಕಳೆದ ವಿಷಯವನ್ನು ನನ್ನ ಗಂಡನಿಗೆ ಹೇಳಿದರು, ನನ್ನ ವಿಷಯ ಹೇಳಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಹಿತ್ತಿಲ ಪಡಸಾಲೆಯಲ್ಲಿ ಸೀಮೆಎಣ್ಣೆ ಸ್ಟವ್ ಹಚ್ಚಿ ತಮ್ಮೊಬ್ಬರಿಗೇ ಅನ್ನಕ್ಕಿಟ್ಟರು. ಇಂಜೆಕ್ಷನ್‌ಗೆ ಮಾತ್ರ ಎಂದಿನಂತೆ ತೋಳು ಕೊಟ್ಟರು. ಗಂಡ ಏನೆಂದು ಕೇಳಿದಾಗ, ಪಥ್ಯ ಎಂದರು.

ಅವತ್ತೇ ನಾನು ಬೀರುವಿನಿಂದ ನನ್ನದನ್ನು ತೆಗೆದು ಕಟ್ಟಿಕೊಂಡೆ. ರವಿಕೆಯೊಳಗೆ ಅದು ಕಲ್ಲಿನ ಹಾಗೆ ತಣ್ಣಗೆ, ಬೇರೆಯವರದರ ಹಾಗೆ ಇತ್ತು. ಸೆರಗು ಸರಿದಾಗ ಅತ್ತೆ ನನ್ನ ಕುತ್ತಿಗೆಯ ದಾರವನ್ನು ನೋಡಿದರು. ಆದರೂ ಸ್ಟವ್ ಆರಲಿಲ್ಲ. ಒಂದು ವಾರ, ಎರಡು ವಾರ. ನಾನು ಬೇಯಿಸಿದ ಸಾರಿನ ವಾಸನೆ ಪಡಸಾಲೆಗೆ ಹೋಗುತ್ತಿತ್ತು, ಅವರ ಒಗ್ಗರಣೆಯ ವಾಸನೆ ನನ್ನ ಅಡುಗೆಮನೆಗೆ ಬರುತ್ತಿತ್ತು.

ಮೂರನೆಯ ವಾರದ ಒಂದು ಮಧ್ಯಾಹ್ನ, ಗಂಡ ಕಚೇರಿಯಲ್ಲಿದ್ದಾಗ, ಅತ್ತೆ ಖಾಲಿ ತಟ್ಟೆ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು.

"ನಂಗೋಸ್ಕರ ಕಟ್ಕೊಂಡಿದೀಯಾ ಅದ?"

"ಹೂಂ ಅತ್ತೆ."

"ಶಿವನಿಗೋಸ್ಕರ ಅಲ್ಲ?"

ನಾನು ಸೌಟನ್ನು ಪಾತ್ರೆಯೊಳಗಿಟ್ಟೆ. "ಗೊತ್ತಿಲ್ಲ" ಎಂದೆ.

"ಅದಕ್ಕಾದ್ರೂ ಒಂದ್ ಸುಳ್ಳೇಳಕ್ಕೆ ಬರಾಕಿಲ್ವಲ್ಲೇ ನಿಂಗೆ" ಎಂದು ಅತ್ತೆ ಮಣೆ ಎಳೆದುಕೊಂಡು ಕೂತು, ಎದೆಗೆ ಕೈ ಒತ್ತಿಕೊಂಡು, ತಟ್ಟೆಯನ್ನು ನನ್ನ ಕಡೆ ಸರಿಸಿದರು.